ಬಟ್ಟೆಯ ಕೆಳಗಿನ ಕೈ

ನಾಚಿಕೆಯ ಪ್ರಸಂಗಗಳು ಎಲ್ಲರ ಬಾಳಿನಲ್ಲಿಯೂ ಬರುತ್ತವೆ. ಆದರೆ ಮುಖ ಮುಚ್ಚಿಕೊಳ್ಳಲು ಕೈ ಖಾಲಿ ಇಲ್ಲದವರನ್ನು ಅವು ಹುಡುಕಿಕೊಂಡು ಬರುತ್ತವೆ ಎಂಬುದು ನನ್ನ ಅನುಭವ. ಹುಬ್ಬಳ್ಳಿಯ ಒಂದು ಕಣ್ಣಿನ ದವಾಖಾನೆಯಲ್ಲಿ ನಾನು ಅನೇಕ ವರ್ಷ ಆಯಾ ಆಗಿದ್ದೆ. ಪರರ ಕೈ ಹಿಡಿದುಕೊಳ್ಳುವುದೇ ನನ್ನ ಕೆಲಸವಾಗಿತ್ತು. ಹೀಗಾಗಿ ನಾಚಿಕೆ ಬಂದಾಗಲೆಲ್ಲ ನನ್ನ ಎರಡೂ ಕೈಗಳು ಇನ್ನೊಬ್ಬರ ವಶದಲ್ಲಿರುತ್ತಿದ್ದವು.

ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಸಾಲೆ ಕಲಿತವಳು. ಹೀಗೆ ಕುಳಿತು ಬರೆಯುವುದು ಇದೇ ಮೊದಲು. ಧಾರವಾಡದಲ್ಲಿ ಓದಿದ ನನ್ನ ಮಗಳು, ‘ಮಾತಾಡೂದಂತೂ ನಿನ್ನ ಕೈಲೆ ಆಗೂದಿಲ್ಲ, ಬರದರ ಬರಿಯವ್ವಾ’ ಎಂದು ಹೇಳಿದ್ದರಿಂದ ಧೈರ್ಯ ಮಾಡಿದ್ದೇನೆ. ತಪ್ಪಿದ್ದಲ್ಲಿ ಓದುವವರು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ಸೂಜಿ ಯಾರಿಗೆ

ಕಣ್ಣಿನ ಪೊರೆಯನ್ನು ತೆಗೆದು, ಅದರ ಜಾಗದಲ್ಲಿ ಕಾಳಿನಷ್ಟು ಸಣ್ಣ ಲೆನ್ಸನ್ನು ಕೂರಿಸುವ ಪದ್ಧತಿ ನಮ್ಮ ಕಡೆ ಆಗಷ್ಟೇ ರೂಢಿಗೆ ಬರುತ್ತಿತ್ತು. ಡಾಕ್ಟರರು ಲೆನ್ಸ್ ಎನ್ನುತ್ತಿದ್ದರು. ಬಂದ ಮಂದಿ ಹರಳು ಎನ್ನುತ್ತಿದ್ದರು. ಈ ಶಸ್ತ್ರಕ್ರಿಯೆಯಲ್ಲಿ ರೋಗಿಯನ್ನು ಪೂರ್ತಿಯಾಗಿ ಮಲಗಿಸುವುದಿಲ್ಲ. ಕಣ್ಣಿನ ಹತ್ತಿರ ಸೂಜಿ ಹಾಕಿ ಅಷ್ಟು ಭಾಗವನ್ನು ಮಾತ್ರ ಜೋಮು ಹಿಡಿಸುತ್ತಾರೆ. ಮುಖ, ಎದೆಗಳ ಮೇಲೆ ಹಸಿರು ಬಟ್ಟೆ ಹೊದಿಸಿ ಒಂದು ಕಣ್ಣನ್ನಷ್ಟೇ ತೆರೆದಿಡುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ಆದರೆ ಅಲುಗಬಾರದು. ಅದಕ್ಕಾಗಿ ಬಟ್ಟೆಯ ಕೆಳಗೆ ಅವರ ಕೈ ಹಿಡಿದು ಕುಳಿತುಕೊಳ್ಳಲು ಒಬ್ಬರು ಬೇಕು. ಕೆಮ್ಮಾಗಲಿ ಸೀನಾಗಲಿ ಬಂದರೆ ರೋಗಿಯು ಆ ಕೈಯನ್ನು ಅಮುಕಬೇಕು. ಕೈ ಹಿಡಿದವರು ‘ಸಾಹೇಬ್ರ’ ಎಂದ ಕೂಡಲೇ ಡಾಕ್ಟರರು ಹತಾರವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಹಾಗೆ ಹಿಡಿಯುವ ಕೈ ನನ್ನದಾಗಿತ್ತು.

ಮನೆಯಲ್ಲಿ ಇದನ್ನು ಹೇಳುವಂತಿರಲಿಲ್ಲ. ನಮ್ಮದು ಅಮರಗೋಳ. ಮಾವನವರು ಅಲ್ಲಿಯ ದನದ ಸಂತೆಯಲ್ಲಿ ದಲಾಲರು. ಎತ್ತಿನ ದರವನ್ನು ಸಂತೆಯಲ್ಲಿ ಬಾಯಿಂದ ಹೇಳುವ ರೂಢಿಯಿಲ್ಲ. ಎದುರಿನವನ ಕೈ ಹಿಡಿದು, ಮೇಲೆ ಟವೆಲ್ ಮುಚ್ಚಿ, ಯಾರಿಗೂ ಕಾಣದಂತೆ ಬೆರಳು ಅಮುಕಿ ಹೇಳುತ್ತಾರೆ. ಆಯುಷ್ಯವೆಲ್ಲ ಪರರ ಕೈ ಹಿಡಿದು ಬಾಳಿದ ಆ ಹಿರಿಯರು, ನಾನು ದವಾಖಾನೆಗೆ ಸೇರುವಾಗ ಹಾಕಿದ ಕರಾರು ಒಂದೇ: ‘ಪರಗಂಡಸರ ಕೈ ಮುಟ್ಟೂ ಕೆಲಸ ಇದ್ದರ ಅವತ್ತ ನೌಕರಿ ಬಿಡಬೇಕು.’ ಅದನ್ನೂ ನನಗೆ ಹೇಳಲಿಲ್ಲ, ಅತ್ತೆಯವರಿಗೆ ಹೇಳಿದರು. ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನ ಮುಂದೆ ನಿಲ್ಲುವಂತಿಲ್ಲ, ಮಾತನಾಡುವಂತಿಲ್ಲ. ಅವರು ಅತ್ತೆಯ ಕಡೆ ನೋಡಿ ‘ಒಳಗ ಹೇಳು’ ಎನ್ನುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡುತ್ತಿದ್ದೆ. ನಮ್ಮ ನಡುವೆ ಅಷ್ಟು ವರ್ಷ ನಡೆದ ಸಂಭಾಷಣೆ ಅದೇ.

ಮಗಳ ಓದು ನನ್ನ ನೌಕರಿಯ ಮೇಲೆ ನಿಂತಿತ್ತು. ಆದ್ದರಿಂದ ಅತ್ತೆಯವರೇ ದಾರಿ ಹುಡುಕಿದರು. ‘ನೀ ದವಾಖಾನಿ ಬಟ್ಟಿ ಒಗೀತಿ ಅಂತ ಹೇಳೇನಿ. ಕಣ್ಣ ಕಾಣದವರ ಕೈ ಹಿಡದರ ಶಿವ ಏನೂ ಅನ್ನೂದಿಲ್ಲ. ಅನ್ನಾವರು ನಿಮ್ಮ ಮಾವ. ಅವರ ಕಿವಿಗೆ ಬೀಳಬಾರದು, ಅಷ್ಟ.’

ಮೊದಲನೆಯ ದಿನ ನನ್ನ ಪಾಲಿಗೆ ಬಂದವರು ಹಳೇ ಹುಬ್ಬಳ್ಳಿಯ ಗರಡಿಯೊಂದರ ಹಿರಿಯ ಪೈಲವಾನರು. ಅವರ ಒಂದು ಅಂಗೈ ನನ್ನ ಎರಡೂ ಕೈಗಳಿಗಿಂತ ಅಗಲವಾಗಿತ್ತು. ನಾನು ನಾಚಿ ಅವರ ಕಿರುಬೆರಳನ್ನಷ್ಟೇ ಹಿಡಿದುಕೊಂಡೆ. ‘ಕೂಸಿನ ಬೆರಳ ಹಿಡದಂಗ ಹಿಡೀಬ್ಯಾಡ, ಪೂರಾ ಹಿಡಿ’ ಎಂದು ಡಾಕ್ಟರರು ಗದರಿದರು. ಪೂರ್ತಿ ಹಿಡಿದೆ. ಶಸ್ತ್ರ ಶುರುವಾಯಿತು. ಎಷ್ಟೋ ಕುಸ್ತಿ ಗೆದ್ದಿದ್ದ ಆ ಹಿರಿಯರು ಅಂಜಿಕೆಯಿಂದ ನನ್ನ ಕೈಯನ್ನು ಅಮುಕಿದ ರಭಸಕ್ಕೆ ಗಾಜಿನ ಬಳೆಗಳು ಒಂದೊಂದಾಗಿ ಚಿಟ್ ಚಿಟ್ ಎಂದು ಒಡೆದವು. ಸದ್ದು ಕೇಳಿದ ಡಾಕ್ಟರರು ಕಣ್ಣಿನಿಂದ ದೃಷ್ಟಿ ತೆಗೆಯದೆ ಕೇಳಿದರು: ‘ನೋವಾಗಾಕತ್ತೈತೇನ್ರಿ?’

‘ಹೌದ್ರಿ’ ಎಂದು ಅಳುವ ದನಿಯಲ್ಲಿ ನಾನೇ ಅಂದುಬಿಟ್ಟೆ.

ಡಾಕ್ಟರರು ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದರು. ಸಿಸ್ಟರ್ ಇನ್ನೊಂದು ಸೂಜಿ ತುಂಬತೊಡಗಿದರು. ಹಸಿರು ಬಟ್ಟೆಯ ಕೆಳಗಿನಿಂದ ಪೈಲವಾನರ ದನಿ ಬಂದಿತು: ‘ನನಗೇನೂ ಆಗಿಲ್ರಿ ಸಾಹೇಬ್ರ. ಆ ಸೂಜಿ ಈ ತಂಗಿಗೆ ಹಾಕ್ರಿ.’

ಬರಿಯ ಉಡಿ

ಆ ದಿನದಿಂದ ನನ್ನ ಬಳೆಗಳ ಮೇಲೆ ಬ್ಯಾಂಡೇಜಿನ ಬಟ್ಟೆ ಸುತ್ತುವುದೆಂದಾಯಿತು. ಮುತ್ತೈದೆಯ ಕೈ ಬರಿದಾಗಬಾರದು, ಬಳೆ ಒಡೆಯಲೂ ಬಾರದು, ಸದ್ದೂ ಆಗಬಾರದು. ಮೂರಕ್ಕೂ ಅದೇ ಉಪಾಯ.

ದವಾಖಾನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾವ ಕಣ್ಣಿಗೆ ಶಸ್ತ್ರಕ್ರಿಯೆಯೋ ಆ ಕಣ್ಣಿನ ಹುಬ್ಬಿನ ಮೇಲೆ ಸಿಸ್ಟರ್ ಅಂಟುಪಟ್ಟಿಯ ಸಣ್ಣ ತುಂಡನ್ನು ಅಂಟಿಸುತ್ತಿದ್ದರು. ಹೆಸರು ಕೇಳಲು ಸಂಕೋಚಪಡುತ್ತಿದ್ದ ನನಗೆ ಆ ಪಟ್ಟಿಯೇ ಗುರುತು. ಪಟ್ಟಿಯಿದ್ದವರನ್ನು ಕರೆದುಕೊಂಡು ಹೋಗುವುದು, ಅಷ್ಟೇ.

ಒಂದು ಮುಂಜಾನೆ ಹತ್ತಿ ವ್ಯಾಪಾರದ ಹಿರಿಯರೊಬ್ಬರು ಪತ್ನಿಯೊಂದಿಗೆ ಬಂದಿದ್ದರು. ಸಿಸ್ಟರ್ ಬಂದು ಗಂಡನ ಹುಬ್ಬಿನ ಮೇಲೆ ಪಟ್ಟಿ ಅಂಟಿಸಿ ಹೋದರು. ಆ ಹಿರಿಯರು ಲಿಂಗಪೂಜೆ ಮುಗಿಸದೆ ಯಾವ ಕಾರ್ಯಕ್ಕೂ ಕೂರದವರು. ಮಂಚದ ಮೇಲೆಯೇ ಪೂಜೆ ಮಾಡಿಕೊಂಡು, ಹಣೆಯ ತುಂಬ ವಿಭೂತಿ ಧರಿಸುವಾಗ ಪಟ್ಟಿ ಅಡ್ಡ ಬಂದಿತು. ದವಾಖಾನೆಯವರು ಕೊಟ್ಟ ವಸ್ತು, ಎಸೆಯಬಾರದೆಂದು ಅದನ್ನು ಕಿತ್ತು ಹೆಂಡತಿಯ ಹಣೆಗೆ ಜೋಪಾನವಾಗಿ ಅಂಟಿಸಿದರು. ಆಮೇಲೆ ಕೈಕಾಲು ತೊಳೆಯಲು ಹೊರಗೆ ಹೋದರು.

ನಾನು ಬಂದೆ. ಪಟ್ಟಿ ಕಂಡಿತು. ‘ಬರ್ರಿ ಅವ್ವಾರ’ ಎಂದೆ. ಆ ತಾಯಿ ಎದ್ದು ಬಂದರು. ಕಣ್ಣಿಗೆ ಹನಿ ಹಾಕಿದೆ, ಹಾಕಿಸಿಕೊಂಡರು. ತಲೆಗೆ ಟೊಪ್ಪಿಗೆ ತೊಡಿಸಿದೆ, ತೊಡಿಸಿಕೊಂಡರು. ಮೇಜಿನ ಮೇಲೆ ಮಲಗಿರೆಂದೆ, ಮಲಗಿದರು. ಡಾಕ್ಟರರು ಬೆಳಕು ಬಿಟ್ಟು ನೋಡಿ, ‘ಈ ಕಣ್ಣಾಗ ಪೊರೀನ ಇಲ್ಲಲ್ಲ’ ಎಂದರು. ಅಷ್ಟರಲ್ಲಿ ಬಾಗಿಲ ಹತ್ತಿರ, ವಿಭೂತಿ ಧರಿಸಿ ಸಿದ್ಧರಾದ ಹಿರಿಯರ ದನಿ ಕೇಳಿಸಿತು: ‘ನಮ್ಮನಿಯವರು ಎಲ್ಲೆರ ಕಂಡ್ರೇನ್ರಿ?’

ಡಾಕ್ಟರರು ನನ್ನನ್ನು ನೋಡಿದ ರೀತಿ ಇಂದಿಗೂ ನೆನಪಿದೆ. ಆಮೇಲೆ ಆ ತಾಯಿಯನ್ನು ಕೇಳಿದರು: ‘ಶಸ್ತ್ರ ನನಗಲ್ಲ ಅಂತ ಒಂದ ಮಾತ ಹೇಳಬಾರದೇನ್ರಿ ಅವ್ವಾರ?’

‘ನನಗೇನ ಗೊತ್ತ್ರಿ. ಯಾವ ಕಾರ್ಯಕ್ಕಾದರೂ ದಂಪತಿ ಜೋಡೀಲೆ ಕೂಡ್ರಬೇಕಲ್ಲ. ಮೊದಲ ನನ್ನ ಕೂಡ್ರಸ್ಯಾರ, ಹಿಂದಿಂದ ಅವರ್ನ ಕರೀತಾರ ಅಂತ ತಿಳಕೊಂಡೆ.’

ನಾನು ಅವರ ಕಾಲು ಮುಟ್ಟಿ ತಪ್ಪಾಯಿತೆಂದೆ. ಅವರು ನಿಧಾನವಾಗಿ ಮೇಜಿನಿಂದಿಳಿದು, ಸೆರಗು ಸರಿಪಡಿಸಿಕೊಂಡು, ನನ್ನ ಗಲ್ಲ ಹಿಡಿದು ಹೇಳಿದರು: ‘ಹೋಗ್ಲಿ ಬಿಡವ್ವಾ. ಆದರ ಮುತ್ತೈದಿನ್ನ ಕರದು ಮಣೀ ಮ್ಯಾಲೆ ಕೂಡ್ರಿಸಿ, ಬರೀ ಉಡೀಲೆ ಕಳಸೂದು ಛಲೋ ಅಲ್ಲ. ಒಂದ ಹರಳರ ಉಡ್ಯಾಗ ಹಾಕ್ರಿ.’

ಕಣ್ಣು ಬಂದ ತ್ರಾಸು

ಹರಳಿನ ಪದ್ಧತಿ ಬರುವ ಮೊದಲು, ಪೊರೆ ತೆಗೆಸಿಕೊಂಡವರಿಗೆ ಸೋಡಾ ಬಾಟಲಿಯ ತಳದಂತಹ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಅದನ್ನು ಹಾಕಿಕೊಂಡವರ ಕಣ್ಣುಗಳು ಗೂಗೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು. ನೋಡಲು ಚೆಂದವಲ್ಲದಿದ್ದರೂ ಅದಕ್ಕೊಂದು ಮರ್ಯಾದೆಯಿತ್ತು. ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಿದ್ದರು. ಮನೆಯಲ್ಲಿ ಕೆಲಸ ಹೇಳುತ್ತಿರಲಿಲ್ಲ.

ಕುಂದಗೋಳದ ಕಡೆಯ ಅಜ್ಜಿಯೊಬ್ಬರು ನಮ್ಮಲ್ಲಿ ಹರಳು ಕೂರಿಸಿಕೊಂಡು ಹೋಗಿದ್ದರು. ಕೆಲವು ತಿಂಗಳಾದ ಮೇಲೆ ಒಬ್ಬರೇ ಬಂದು, ಮಂದಿ ತುಂಬಿದ ಪಡಸಾಲೆಯ ನಡುವೆ ಕುಳಿತರು. ‘ಡಾಕ್ಟರ್‌ನ ಕರೀರಿ. ಈ ಹರಳ ತಗದು ನನಗ ಚಸ್ಮಾ ಕೊಡ್ರಿ’ ಎಂದರು.

ಡಾಕ್ಟರರು ಬಂದರು. ‘ಯಾಕಜ್ಜಿ, ಕಣ್ಣ ಕಾಣವಲ್ದೇನು?’

‘ಕಾಣತೈತಿ. ಅದ ತ್ರಾಸ ಆಗೇತಿ. ನಮ್ಮಕ್ಕ ದಪ್ಪ ಚಸ್ಮಾ ಏರಿಸಿ ಕಟ್ಟೀ ಮ್ಯಾಲೆ ಕುಂತರ ಅಕೀ ಸೊಸಿ ಚಾ ತಂದು ಕೈಯಾಗ ಹಿಡಸ್ತಾಳ. ನಂದು ಹೊರಗ ಏನೂ ಕಾಣಸವಲ್ದು. ಕಣ್ಣಾಗ ಹರಳ ಐತಿ ಅಂದರ ಯಾರ ನಂಬತಾರ? ಆಪರೇಶನ್ ಆದಂಗ ಇಲ್ಲಲ್ರಿ ಅತ್ತಿ, ಜ್ವಾಳ ಹಸನ ಮಾಡ್ರಿ ಅಂತಾಳ ನಮ್ಮ ಸೊಸಿ.’

ಪಡಸಾಲೆಯಲ್ಲಿದ್ದವರು ನಗತೊಡಗಿದರು. ನಾನೂ ಸೆರಗಿನ ಮರೆಯಲ್ಲಿ ನಕ್ಕೆ. ಅಜ್ಜಿ ಅದನ್ನು ಕಂಡರು. ಅವರ ಕಣ್ಣು ನಿಜವಾಗಿಯೂ ಚೆನ್ನಾಗಿ ಬಂದಿತ್ತು.

‘ಇಕೀನ, ಇಕೀನ ಮೂಲ’ ಎಂದು ನನ್ನತ್ತ ಬೆರಳು ಮಾಡಿದರು. ‘ಮನೀಗೆ ಹೋಗೂ ದಿನ ನನ್ನ ಸೊಸಿ ಮುಂದ, ಇನ್ನ ನಿಮ್ಮತ್ತಿಗೆ ಸೂಜ್ಯಾಗ ದಾರ ಪೋಣಸಾಕೂ ಬರತೈತಿ ಅಂತ ಹೇಳಿದಳು. ಅವತ್ತಿಂದ ಓಣ್ಯಾಗಿನ ಹರಕ ಕೌದಿ ಎಲ್ಲಾ ನಮ್ಮನಿಗೇ ಬರಾಕತ್ತಾವು.’

ಪಡಸಾಲೆಯ ಮಂದಿಯೆಲ್ಲ ನನ್ನ ಕಡೆ ತಿರುಗಿದರು. ಮಾತನಾಡುವುದೇ ಅಪರೂಪವಾದ ನಾನು ಒಂದು ಒಳ್ಳೆಯ ಮಾತು ಆಡಿದ್ದಕ್ಕೆ ಇಷ್ಟು ಕೌದಿಗಳು ಬಂದವಲ್ಲ ಎಂದು ಕುಗ್ಗಿಹೋದೆ. ಡಾಕ್ಟರರು ಕೂರಿಸಿದ ಹರಳನ್ನು ತೆಗೆಯಲಾಗದೆಂದು ತಿಳಿಸಿ, ಬಿಸಿಲಿಗೆಂದು ಕಪ್ಪು ಕನ್ನಡಕ ಕೊಡಿಸಿದರು. ಅಜ್ಜಿ ಅದನ್ನು ಮನೆಯೊಳಗೂ ಹಾಕಿಕೊಳ್ಳಬಹುದೇ ಎಂದು ಖಾತ್ರಿ ಮಾಡಿಕೊಂಡು ಹೊರಟರು. ಬಾಗಿಲಲ್ಲಿ ನನ್ನನ್ನು ಕರೆದು ಮೆಲ್ಲಗೆ, ‘ನಿಮ್ಮತ್ತಿಗೆ ಪೊರಿ ಬಂದರ ಇಲ್ಲಿಗೆ ಕರಕೊಂಡ ಬರಬ್ಯಾಡ ತಂಗಿ. ಪಾಪ, ಅಕಿಯರ ಸುಖಾ ಇರಲಿ’ ಎಂದರು.

ಮನೆಗೆ ಬಂದು ಇದನ್ನು ಅತ್ತೆಯವರಿಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ.

‘ನನ್ನ ಚಿಂತಿ ಬಿಡು. ಪೊರಿ ಬಂದಿರೂದು ನಿಮ್ಮ ಮಾವಗ. ಇವತ್ತ ಮುಂಜಾನಿ ನಾ ಅಂತ ತಿಳಕೊಂಡು ಎಮ್ಮೀಗೆ ಚಾ ತಾ ಅಂದರು.’

ಬಳೆಗಾರರು

ಒಮ್ಮೆ ನಾನೂ ಅತ್ತೆಯವರೂ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಕೊಳ್ಳುತ್ತಿದ್ದೆವು. ಜೊತೆಗೆ ನಮ್ಮ ಓಣಿಯ ಹೆಂಗಸೊಬ್ಬರು ಇದ್ದರು. ಕೇಳಿದ ಸುದ್ದಿಯನ್ನು ಅವರು ಸಂಜೆಯೊಳಗೆ ಎಲ್ಲ ಮನೆಗೂ ಮುಟ್ಟಿಸದೆ ಬಿಟ್ಟವರಲ್ಲ. ನಾನು ಮೆಂತ್ಯದ ಸೂಡು ಕೇಳುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂದಿತು: ‘ಈ ದನಿ ನಾ ಎಲ್ಲೋ ಕೇಳೇನಲ್ಲ.’

ತಿರುಗಿ ನೋಡಿದರೆ ದೇಶಪಾಂಡೆ ನಗರದ ನಿವೃತ್ತ ಮಾಸ್ತರರು. ಅವರಿಗೆ ನಮ್ಮಲ್ಲಿ ಹರಳು ಕೂರಿಸಲಾಗಿತ್ತು. ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ನಮ್ಮೆಲ್ಲರ ಮುಖಕ್ಕೂ ಬಟ್ಟೆ ಕಟ್ಟಿರುತ್ತದೆ. ಹೀಗಾಗಿ ಅವರಿಗೆ ನನ್ನ ಮುಖದ ಪರಿಚಯವಿರಲಿಲ್ಲ.

‘ದವಾಖಾನಿ ತಂಗಿ ಹೌದಿಲ್ಲೋ? ಮುಖದ ಗುರ್ತ ಇಲ್ಲ ನನಗ. ಎಲ್ಲಿ, ಕೈ ಕೊಡು. ಹಿಡದು ಹೇಳತೀನಿ’ ಎಂದವರೇ ಆ ಸಂತೆಯ ನಡುವೆ ನನ್ನ ಕೈ ಹಿಡಿದು, ಕಣ್ಣು ಮುಚ್ಚಿ, ‘ಇದ. ಇದ ಕೈ’ ಎಂದರು.

ಓಣಿಯ ಹೆಂಗಸಿನ ಕಣ್ಣು ದೊಡ್ಡದಾಯಿತು. ‘ಯಾರ್ರೀ ಇವರು, ನಿಮ್ಮ ಸೊಸಿ ಕೈ ಹಿಡದವರು?’

ಪರರ ಹೆಂಡತಿಯ ಕೈಯನ್ನು ಹಾದಿಯಲ್ಲಿ ಹಿಡಿಯಬಹುದಾದ ಗಂಡಸು ಲೋಕದಲ್ಲಿ ಒಬ್ಬನೇ. ಅದು ಅತ್ತೆಯವರಿಗೆ ತಕ್ಷಣ ಹೊಳೆಯಿತು. ‘ಬಳಿಗಾರ್ರು. ನಮ್ಮ ತೌರಮನಿ ಕಡೆಯವರು. ಅಳತಿ ನೋಡಾಕತ್ತಾರ’ ಎಂದರು.

‘ಛಲೋ ಆತು ನೋಡ್ರಿ. ನಮ್ಮ ಬಸರಿ ಹುಡುಗೀದು ಕುಬಸದ ಕಾರ್ಯ ಬಂದೈತಿ. ಅಜ್ಜಾರ, ಬಂದು ಹಸರ ಬಳಿ ತೊಡಸ್ರಿ.’

ಮಾಸ್ತರರು ಸುಳ್ಳು ಹೇಳಬಲ್ಲವರಲ್ಲ. ನನ್ನ ಕೈಯನ್ನು ಇನ್ನೂ ಬಿಡದೆ, ಬಹಳ ವಿನಯದಿಂದ ಉತ್ತರಿಸಿದರು: ‘ಬಳಿ ತೊಡಸಾಕ ಬರೂದಿಲ್ರಿ ತಾಯಿ. ನನಗ ಈ ತಂಗಿ ಕೈ ಹಿಡಕೊಂಡು ಸುಮ್ಮನ ಮಲಗೂದ ಅಷ್ಟ ಬರತೈತಿ.’

ವ್ಯಾಪಾರ

ಆ ಮಾತು ಓಣಿಯನ್ನೆಲ್ಲ ಸುತ್ತಿತು. ನಳದ ಹತ್ತಿರ ‘ಇವತ್ತ ಯಾರ ಕೈ ಹಿಡದು ಬಂದ್ಯವ್ವಾ?’ ಎಂದು ಕೇಳುವವರು ಹೆಚ್ಚಾದರು. ನಾನು ಕೊಡ ತುಂಬುವ ಮೊದಲೇ ಮನೆಗೆ ಬರತೊಡಗಿದೆ. ಕೊನೆಗೆ ಅರ್ಧ ಸುದ್ದಿ ಮಾವನವರನ್ನೂ ಮುಟ್ಟಿತು. ಬಾಗಿಲ ಹಿಂದೆ ನಿಂತು ಕೇಳಿದೆ.

‘ಸೊಸಿ ಅಲ್ಲಿ ಯಾರದೋ ಕೈ ಹಿಡೀತಾಳಂತಲ್ಲ?’

‘ಒಗದ ಚಾದರ ಹಿಂಡೂ ಮುಂದ ಒಬ್ಬಾಕಿ ಆ ತುದಿ ಹಿಡೀತಾಳ, ಒಬ್ಬಾಕಿ ಈ ತುದಿ. ಅದನ್ನ ಅಂತಾರ’ ಎಂದರು ಅತ್ತೆಯವರು, ತಡವರಿಸದೆ.

ಮಾವನವರು ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಂಡರು. ‘ಕೈ ಬಟ್ಟೀ ಮ್ಯಾಲೆ ಇರಲಿ. ಬಟ್ಟೀ ಕೆಳಗಿನ ಕೈ ಖರೆ ಹೇಳೂದಿಲ್ಲ. ನನ್ನ ಕೇಳು’ ಎಂದರು.

ಅವರ ಪೊರೆ ಬಲಿಯುತ್ತ ಹೋಯಿತು. ‘ಕಣ್ಣ ಹೋದರ ಹೋಗಲಿ, ನನ್ನ ದಂಧೆ ಬೆರಳಿಂದು’ ಎಂದು ಹಟ ಹಿಡಿದಿದ್ದರು. ಆದರೆ ಒಂದು ಸಂತೆಯಲ್ಲಿ, ಎತ್ತಿನ ಹಲ್ಲು ನೋಡುತ್ತೇನೆಂದು ಹಿಂದಿನಿಂದ ಹೋಗಿ ಬಾಲ ಎತ್ತಿದರು. ಎತ್ತು ಒದೆಯಲಿಲ್ಲ; ಸಂತೆಯ ಮಂದಿ ನಕ್ಕರು. ಒದ್ದಿದ್ದರೆ ಸಹಿಸುತ್ತಿದ್ದರೇನೋ. ಮರುವಾರವೇ ನನ್ನ ಗಂಡ ಅವರನ್ನು ನಮ್ಮ ದವಾಖಾನೆಗೆ ಕರೆತಂದರು.

ಇನ್ನೊಬ್ಬ ಆಯಾ ತವರಿಗೆ ಹೋಗಿದ್ದಳು. ನಾನು ಸಿಸ್ಟರ್ ಮುಂದೆ ಕೈ ಮುಗಿದು ನಿಂತೆ. ‘ಅವರು ನಮ್ಮ ಮಾವನಾರ್ರಿ. ನಾ ಅಂತ ಗೊತ್ತಾದರ ನನ್ನ ನೌಕರಿ ಇವತ್ತ ಮುಗೀತೈತ್ರಿ’ ಎಂದೆ.

ಸಿಸ್ಟರ್ ನನ್ನ ಕೈಗೆ ಬಟ್ಟೆ ಸುತ್ತುತ್ತ, ‘ನಿನ್ನ ಮುಖಕ್ಕ ಬಟ್ಟಿ ಐತಿ, ಬಳೀಗೆ ಬಟ್ಟಿ ಐತಿ, ಅವರ ಮುಖಕ್ಕೂ ಬಟ್ಟಿ ಹಾಕ್ತೀವಿ. ಇನ್ನೆಷ್ಟ ಬಟ್ಟಿ ಬೇಕ ನಿನಗ?’ ಎಂದರು.

ಹಾಗೆ ನಾನು ಮಾವನವರ ಕೈ ಹಿಡಿದೆ. ಶಸ್ತ್ರ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಅವರು ನನ್ನ ಎರಡು ಬೆರಳು ಹಿಡಿದು ಅಮುಕಿದರು. ನಾನು ‘ಸಾಹೇಬ್ರ’ ಎಂದು ಪಿಸುಗುಟ್ಟಿದೆ. ಡಾಕ್ಟರರು ಹತಾರ ಹಿಂದೆ ತೆಗೆದು, ‘ಕೆಮ್ಮು ಬಂತೇನ್ರಿ?’ ಎಂದರು.

‘ಇಲ್ರಿ. ರೂಢಿ. ಬಟ್ಟೀ ಕೆಳಗ ಕೈ ಸಿಕ್ಕಿತಂದರ ಬೆರಳ ತಾವ ವ್ಯಾಪಾರಕ್ಕ ಕೂಡತಾವು.’

‘ಇಲ್ಲೆ ಎತ್ತ ಇಲ್ರಿ ಯಜಮಾನ್ರ. ಸುಮ್ಮನ ಮಲಗ್ರಿ.’

ಸುಮ್ಮನೆ ಮಲಗಿದರು. ಹರಳು ಕೂತು, ಡಾಕ್ಟರರು ಕೈ ತೊಳೆಯಲು ಸರಿದ ಮೇಲೆ ಮೆಲ್ಲಗೆ ಹೇಳಿದರು: ‘ತಂಗಿ, ನಿಮ್ಮ ಕೈ ಬಾಳ ನಡಗಾಕತ್ತೈತ್ರಿ. ಅಂಜಬ್ಯಾಡ್ರಿ, ನಾ ಅದೀನಲ್ಲ. ನಮ್ಮ ಸೊಸಿನೂ ಇಲ್ಲೇ ಬಟ್ಟಿ ಒಗೀತಾಳ. ಬಾಯಿಲ್ಲದ ಹೆಣ್ಣಮಗಳು. ಒಂದೀಟ ನೋಡ್ಕೊಳ್ರಿ.’

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅದೂ ನನಗೇ ಹೇಳಿದ್ದು. ‘ರಿ’ ಹಚ್ಚಿ ಮಾತನಾಡಿಸಿದ್ದರು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮರುದಿನ ಮುಂಜಾನೆ ಪಟ್ಟಿ ಬಿಚ್ಚುವ ಕೆಲಸವೂ ನನ್ನದೇ. ಈಗ ಮುಖಕ್ಕೆ ಕಟ್ಟಿದ ಬಟ್ಟೆ ಇರಲಿಲ್ಲ. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡು, ಬಗ್ಗಿ, ಪಟ್ಟಿ ತೆಗೆದು, ಹತ್ತಿಯಿಂದ ಕಣ್ಣು ಒರೆಸಿದೆ. ಡಾಕ್ಟರರು ಕೇಳಿದರು: ‘ಹೆಂಗ ಕಾಣತೈತ್ರಿ?’

‘ಪಟ್ಟಿ ಇನ್ನೂ ಬಿಚ್ಚಿಲ್ಲಲ್ರಿ.’

‘ಬಿಚ್ಚೇವ್ರಿ. ಏನ ಕಾಣತೈತಿ ಹೇಳ್ರಿ.’

‘ಬಟ್ಟಿ ಕಾಣತೈತ್ರಿ. ಬರೀ ಬಟ್ಟಿ. ಬಿಳೇದು.’

ನೋಡಲು ಬಂದಿದ್ದ ಅತ್ತೆಯವರು ಗೋಡೆ ಹಿಡಿದು ಕುಸಿದು ಕುಳಿತರು. ಕಣ್ಣು ಹೋಯಿತೆಂದೇ ಅವರು ತಿಳಿದರು. ಗಾಬರಿಯಲ್ಲಿ ನಾನೂ ತಿಳಿದೆ, ಸೆರಗನ್ನು ಇನ್ನಷ್ಟು ಎಳೆದುಕೊಂಡು ಅಳತೊಡಗಿದೆ. ಡಾಕ್ಟರರು ಬ್ಯಾಟರಿ ತರಲು ಕೂಗಿದರು. ಅಷ್ಟರಲ್ಲಿ ಮಾವನವರು ಮುಂದುವರಿಸಿದರು: ‘ನೀಲಿ ದಂಡಿ ಐತ್ರಿ. ಒಂದ ಕಡೆ ಎಳಿ ಬಿಚ್ಚೇತಿ.’

ಡಾಕ್ಟರರು ನನ್ನ ಸೀರೆಯ ನೀಲಿ ದಂಡೆಯನ್ನು ನೋಡಿದರು. ‘ಏ ತಂಗಿ, ಆ ಸೆರಗ ತಗೀಯವ್ವಾ. ನನ್ನ ಎದಿ ಒಡಸೀದಿ’ ಎಂದರು.

ಕೈಗಳು ಖಾಲಿಯಿದ್ದ ಒಂದೇ ಒಂದು ಗಳಿಗೆ ಅದು. ಆದರೆ ಆಗ ಮುಖ ಮುಚ್ಚಿಕೊಳ್ಳುವಂತಿರಲಿಲ್ಲ, ತೆರೆಯಬೇಕಾಗಿತ್ತು. ತೆರೆದೆ. ಮಾವನವರು ಬಹಳ ಹೊತ್ತು ನೋಡಿದರು. ಸೊಸೆಯಾಗಿ ಬಂದಂದಿನಿಂದ ನಾನು ಅವರಿಗೆ ಮುಖ ಕಾಣದ, ಬಾಗಿಲ ಹಿಂದಿನ ನೆರಳು. ಆಮೇಲೆ ಪೊರೆ ಬಂದಿತ್ತು. ‘ಕಾಣತೈತ್ರಿ’ ಎಂದರು. ‘ಹೆಣ್ಣಮಗಳು. ಕಣ್ಣಾಗ ನೀರ ಅದಾವು. ನಿನ್ನೆ ಕೈ ಹಿಡದವರು ನೀವೇನ್ರಿ ತಂಗಿ?’

ನಾನು ತಲೆಯಾಡಿಸಿದೆ. ಅವರು ನನಗೆ ಕೈ ಮುಗಿದರು. ಅತ್ತೆಯವರು ಗೋಡೆಯ ಕಡೆ ಮುಖ ತಿರುಗಿಸಿದರು.

ಮನೆಗೆ ಬಂದ ಮೇಲೆ ಮಾವನವರಿಗೆ ಅದೇ ಮಾತು. ‘ಆ ದವಾಖಾನಿ ಹೆಣ್ಣಮಗಳ ಕೈ ಅಂದರ ಕೈ. ಒಳಗ ಹೇಳು, ಆ ಬಟ್ಟಿ ಒಗಿಯೂದ ಬಿಟ್ಟು ಅವರ ಕಡಿಂದ ಕೈ ಹಿಡಿಯೂದ ಕಲೀ ಅಂತ. ಅದು ಮರ್ಯಾದಿ ಕೆಲಸ.’

‘ಕಲೀತಾಳ್ರಿ’ ಎಂದರು ಅತ್ತೆಯವರು. ‘ಆದರ ಇಕಿಗೆ ಬಾಳ ನಾಚಿಗಿ.’

ನನ್ನ ಪಾಡು ಮಾತ್ರ ಬಿಗಿಯಾಯಿತು. ಮೊದಲು ತಲೆಯ ಮೇಲಿರುತ್ತಿದ್ದ ಸೆರಗು ಈಗ ಗದ್ದಕ್ಕೆ ಇಳಿಯಿತು. ಮುಂದೆ ಕಾಣದೆ ರೊಟ್ಟಿ ಹಂಚಿನ ಮೇಲೆ ಬೀಳುವ ಬದಲು ಒಲೆಯಲ್ಲಿ ಬೀಳತೊಡಗಿತು. ಮಾವನವರು ಇದನ್ನೂ ಮೆಚ್ಚಿದರು: ‘ಕಣ್ಣ ಬಂದ ಮ್ಯಾಲೆ ನೋಡೇನಿ. ನಮ್ಮ ಸೊಸಿ ಬಾಳ ಮರ್ಯಾದಿವಂತಳು.’

ಮಳೆಗಾಲ ಕಳೆದ ಮೇಲೆ ಎರಡನೆಯ ಕಣ್ಣಿನ ಸರದಿ ಬಂದಿತು. ಅದೇ ತಂಗಿಯ ಕೈ ಬೇಕೆಂದು ಬಾಗಿಲಲ್ಲಿಯೇ ಹೇಳಿದರು. ಬಟ್ಟೆ ಹೊದಿಸಿದರು. ಕೈ ಹಿಡಿದೆ. ಅವರು ಗುರುತು ಹಿಡಿದು ಸಂತೋಷದಿಂದ ಕೇಳಿದರು: ‘ಏನ್ರಿ ತಂಗಿ, ನಮ್ಮ ಸೊಸಿ ಕಲ್ಯಾಕತ್ತಾಳೇನು?’

ನಾನು ಸಿಸ್ಟರ್ ಕಡೆ ನೋಡಿದೆ. ಮತ್ತೆ ಕೇಳಿದರು. ಉತ್ತರ ಬಾರದ್ದರಿಂದ ತಲೆಯನ್ನು ನನ್ನ ಕಡೆ ಹೊರಳಿಸತೊಡಗಿದರು. ಡಾಕ್ಟರರು ಹತಾರ ಎತ್ತಿ ಹಿಡಿದು, ‘ಅಲಗಬ್ಯಾಡ್ರಿ, ಕಣ್ಣಿಗೆ ಧಕ್ಕಿ ಆಗತೈತಿ. ಏ ತಂಗಿ, ಏನರ ಒಂದ ಹೇಳಿಬಿಡು, ಇಲ್ಲಂದರ ಇವರು ಸುಮ್ಮನ ಮಲಗೂದಿಲ್ಲ’ ಎಂದರು.

ಮಾವನವರ ಕಣ್ಣಿನ ಮುಂದೆ ನನ್ನ ನಾಚಿಕೆ ಯಾವ ಲೆಕ್ಕ. ಬಾಯಿ ತೆರೆದೆ. ಜನ್ಮದಲ್ಲಿ ಮೊದಲ ಸಲ ಅವರಿಗೆ ನೇರವಾಗಿ ಉತ್ತರ ಕೊಟ್ಟೆ:

‘ಕಲ್ಯಾಕತ್ತಾಳ್ರಿ, ಮಾವಾರ.’

ಆಡಿದ ಮೇಲೆ ತಿಳಿಯಿತು. ಸಿಸ್ಟರ್ ಹರಳಿನ ಡಬ್ಬಿ ಹಿಡಿದವರು ಹಾಗೆಯೇ ನಿಂತರು. ಭೂಮಿಗೆ ಇಳಿಯೋಣವೆಂದರೆ, ಮುಖ ಮುಚ್ಚಿಕೊಳ್ಳೋಣವೆಂದರೆ ಎರಡೂ ಕೈ ಅವರ ಕೈಯಲ್ಲಿ. ಬಟ್ಟೆಯ ಕೆಳಗೆ ಅವರ ಬೆರಳುಗಳು ನನ್ನ ಬೆರಳನ್ನು ದಾಟಿ, ಮಣಿಕಟ್ಟಿನ ಬ್ಯಾಂಡೇಜಿನ ಮೇಲೆ ಹರಿದಾಡಿ, ಅದರೊಳಗಿನ ಬಳೆಗಳನ್ನು ಒಂದೊಂದಾಗಿ ತಡವಿ ನೋಡಿದವು. ನೌಕರಿ ಹೋಯಿತು, ಮಗಳ ಸಾಲೆ ಹೋಯಿತು ಎಂದುಕೊಂಡೆ. ಆಮೇಲೆ ಅವರು ನನ್ನ ಕೈಯನ್ನು ಬಲವಾಗಿ ಅಮುಕಿದರು.

‘ಸಾಹೇಬ್ರ’ ಎಂದೆ.

ಡಾಕ್ಟರರು ಕೈ ಹಿಂದೆ ತೆಗೆದರು. ‘ಕೆಮ್ಮು ಬಂತೇನ್ರಿ?’

‘ಇಲ್ರಿ’ ಎಂದರು ಮಾವನವರು. ಹಸಿರು ಬಟ್ಟೆ ಹೊಟ್ಟೆಯ ಮೇಲೆ ಕುಲುಕಾಡತೊಡಗಿತ್ತು. ‘ನಗಿ ಬಂದೈತಿ. ಬಟ್ಟೀ ಕೆಳಗ ಕೈ ಹಿಡದು ಎಷ್ಟೋ ಮಂದಿಗೆ ನಾ ಟೊಪಗಿ ಹಾಕೀನಿ. ಇವತ್ತ ನಮ್ಮ ಮನೀ ಸೊಸಿ ನನಗ ಹಾಕ್ಯಾಳ. ಒಂದೀಟ ನಕ್ಕ ಮುಗಸ್ತೀನಿ, ತಡೀರಿ.’

ಅವರು ನಕ್ಕು ಮುಗಿಸುವ ತನಕ ಎಲ್ಲರೂ ತಡೆದು ನಿಂತರು. ನಾನು ಮೆಲ್ಲಗೆ ಕೈ ಬಿಡಿಸಿಕೊಂಡು ಹೊರಗೆ ಓಡಲು ನೋಡಿದೆ. ಅವರು ಬಿಡಲಿಲ್ಲ.

‘ಎಲ್ಲಿಗೆ ಹೊಂಟಿ? ವ್ಯಾಪಾರ ಮುಗಿಯೂತನಾ ಕೈ ಬಿಡಬಾರದವಾ.’